ಉಣುಗೋಲು ಸಾಹೇಬ್ರು

ಆ ಊರಿನಲ್ಲಿ ಹತ್ತಿರ ಹತ್ತಿರ ಒಂದು ವರ್ಷ ನನಗೆ ಇದ್ದ ಹೆಸರು ‘ಉಣುಗೋಲು ಸಾಹೇಬ್ರು’. ಎದುರಿಗೆ ಯಾರೂ ಹಾಗೆ ಕರೆಯಲಿಲ್ಲ. ಮಲೆನಾಡಿನವರು ಅಂಥದ್ದನ್ನೆಲ್ಲ ಮುಖಕ್ಕೆ ಹೇಳುವುದಿಲ್ಲ. ನಮ್ಮ ಶಾಖೆಯ ಅಟೆಂಡರ್ ಒಂದು ದಿನ ನಗು ತಡೆಯಲಾರದೆ ಬಾಯಿಬಿಟ್ಟರು, ಹಾಗಾಗಿ ಗೊತ್ತಾಯಿತು.

ನಾನು ಚಳ್ಳಕೆರೆ ಕಡೆಯವನು. ಅಪ್ಪ ಶೇಂಗಾ ಬೆಳೆಯುತ್ತಿದ್ದರು, ಮನೆಯಲ್ಲಿ ಕುರಿ ಇದ್ದವು. 2012ರ ಜುಲೈನಲ್ಲಿ ತೀರ್ಥಹಳ್ಳಿಯ ಒಂದು ಬ್ಯಾಂಕ್ ಶಾಖೆಗೆ ಕೃಷಿ ಅಧಿಕಾರಿಯಾಗಿ ಬಂದೆ. ಸಾಲ ಕೇಳಿದವರ ಮನೆಗೆ ಹೋಗಬೇಕು, ತೋಟ ನೋಡಬೇಕು, ಪಹಣಿ ತಾಳೆ ಹಾಕಬೇಕು, ವರದಿ ಬರೆಯಬೇಕು. ಅಂದರೆ ದಿನಾ ಹೊಸ ಮನೆ, ಹೊಸ ಜನ. ಮಾತಿನಲ್ಲಿ ನಾನು ಹಿಂದೆ ಬಿದ್ದವನಲ್ಲ. ತರಬೇತಿಯಲ್ಲೂ ಹೇಳಿಕೊಟ್ಟಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಗಟ್ಟಿಯಾಗಿ ಕೈ ಕುಲುಕಿ, ಹೆಸರು ಹುದ್ದೆ ಸ್ಪಷ್ಟವಾಗಿ ಹೇಳಿ, ನಗುಮುಖ ಇರಲಿ. ಎಲ್ಲ ಬಾಯಿಪಾಠ ಆಗಿತ್ತು.

ಮೊದಲ ಮನೆ ಮೇಗರವಳ್ಳಿ ದಾಟಿ ಒಳಗೆ. ಮಳೆ ಅಂದರೆ ಅದು ಮಳೆ. ನಮ್ಮೂರಿನಲ್ಲಿ ವರ್ಷಕ್ಕೆ 500 ಮಿ.ಮೀ. ಬಂದರೆ ಹಬ್ಬ. ಇದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಸುರಿಯುತ್ತದೆ. ಬೈಕಿನ ಮೇಲೆ ಕಾಲಿಂದ ತಲೆವರೆಗೆ ರೇನ್‌ಕೋಟು, ಮೇಲೆ ಹೆಲ್ಮೆಟ್ಟು. ಇಸ್ತ್ರಿ ಅಂಗಿ ಒಳಗೆಲ್ಲೋ ಬೆವರುತ್ತಿತ್ತು.

ಉಣುಗೋಲು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮನೆಗೆ ಹೋಗುವ ದಾರಿಯಲ್ಲಿ ಎರಡು ಕಂಬ. ಕಂಬಕ್ಕೆ ತೂತು. ತೂತಿಗೆ ಅಡ್ಡಡ್ಡ ತೂರಿಸಿದ ಮೂರು ಗಳ. ದನ ಒಳಗೆ ನುಗ್ಗಬಾರದು ಅಂತ. ಮನುಷ್ಯರು ಗಳ ಸರಿಸಿ ಒಳಗೆ ಬರಬೇಕು, ಬಂದಮೇಲೆ ಮತ್ತೆ ತೂರಿಸಬೇಕು. ಅಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ನಾನು ಗಳ ಎಳೆದು ಪಕ್ಕಕ್ಕೆ ಬಿಸಾಡಿ ಬೈಕು ನುಗ್ಗಿಸಿದೆ.

ನಾಯಿ ಬೊಗಳಿತು. ನಾನು ಹಾರ್ನ್ ಹೊಡೆದೆ. ಅಂಗಳದಲ್ಲಿ ನಿಂತು, ನಮ್ಮೂರಿನ ದನಿಯಲ್ಲಿ, “ಯಾರಿದೀರಪ್ಪಾ ಮನೇಲಿ?” ಅಂತ ಕೂಗಿದೆ. ಯಜಮಾನರು ಜಗಲಿಗೆ ಬಂದರು. ಬೂಟು ಹಾಕಿಕೊಂಡೇ ಮೆಟ್ಟಿಲು ಹತ್ತಿ ಕೈ ಚಾಚಿದೆ. ಅವರ ಎರಡೂ ಕೈಗೆ ಸುಣ್ಣ ಮೆತ್ತಿತ್ತು, ಕವಳ, ಅಂದರೆ ಎಲೆ ಅಡಿಕೆ, ಹಾಕುವುದರಲ್ಲಿದ್ದರು. ನನ್ನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು ವಾಪಸ್ ಬಂತು. ಹೆಸರು, ಹುದ್ದೆ, ಬ್ಯಾಂಕು ಎಲ್ಲ ಒಂದೇ ಉಸಿರಿಗೆ ಹೇಳಿ ಪಹಣಿ ಕೇಳಿದೆ. ಒಳಗಿಂದ ಅಮ್ಮ ಬಂದು, “ಆಸರಿಗೆ ಏನು ಬೇಕು?” ಅಂದರು, ಕುಡಿಯಲು ಏನು ಕೊಡಲಿ ಅಂತ. “ಏನೂ ಬೇಡಮ್ಮ, ಟೈಮಿಲ್ಲ” ಅಂದೆ. ತೋಟ ನೋಡಿದ್ದೂ ಸೇರಿ 20 ನಿಮಿಷದಲ್ಲಿ ಕೆಲಸ ಮುಗಿಯಿತು. ಅವರ ಸಮಯ ಹಾಳು ಮಾಡಲಿಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೋಗುವಾಗಲೂ ಗಳ ಹಾಕಲಿಲ್ಲ. ಅದು ಬಾಗಿಲು ಅಂತಲೇ ನನಗೆ ಹೊಳೆದಿರಲಿಲ್ಲ.

ಮುಂದಿನ ಮನೆ ಒಂದೂವರೆ ಫರ್ಲಾಂಗ್ ದೂರ. ನಡುವೆ ಒಂದು ಗುಡ್ಡ, ಒಂದು ಹಳ್ಳ. ದಾರಿ ತಪ್ಪಿ, ಕೆಸರಲ್ಲಿ ಒಮ್ಮೆ ಬಿದ್ದು, ನಾನು ಹೋಗುವಷ್ಟರಲ್ಲಿ ಜಗಲಿಯಲ್ಲಿ ಕೂತಿದ್ದವರು ಕೇಳಿದ ಮೊದಲ ಮಾತು: “ಉಣುಗೋಲು ಹಾಕಿದ್ರಾ ಸಾರ್?”

ಏನಾಗಿತ್ತು ಅಂದರೆ, ನಾನು ಹೊರಟ ಹತ್ತು ನಿಮಿಷಕ್ಕೆ ಪಕ್ಕದ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಇದ್ದ ದನಗಳು ಒಳಗೆ ನುಗ್ಗಿ ಅಂಗಳದ ಡೇರೆ (ಡಾಲಿಯಾ ಹೂವಿನ) ಗಿಡಗಳನ್ನೆಲ್ಲ ತಿಂದು ತುಳಿದು ಹಾಕಿದ್ದವು. ಮಲೆನಾಡಿನ ಹೆಂಗಸರಿಗೆ ಮಳೆಗಾಲದ ಡೇರೆ ಅಂದರೆ ಏನು ಅಂತ ನನಗೆ ಆಗ ಗೊತ್ತಿಲ್ಲ. ತವರಿನಿಂದ, ಅಕ್ಕನ ಮನೆಯಿಂದ, ಮದುವೆಗೆ ಹೋದ ಊರಿನಿಂದ ಒಂದೊಂದೇ ಗಡ್ಡೆ ತಂದು ಬೆಳೆಸಿರುತ್ತಾರೆ. ಯಾವ ಬಣ್ಣ ಯಾರು ಕೊಟ್ಟಿದ್ದು ಅಂತ ನೆನಪಿರುತ್ತದೆ. ನಾನು ತುಳಿಸಿದ್ದು ಹೂವಿನ ಗಿಡ ಅಲ್ಲ ಅಂತ ಅರ್ಥವಾಗಲು ಬಹಳ ದಿನ ಬೇಕಾಯಿತು. ಅಮ್ಮ ತಕ್ಷಣ ಕೆಳಮನೆಗೆ ಫೋನ್ ಮಾಡಿದ್ದರು. ಕೆಳಮನೆಯವರು ಹೊಳೆಯಾಚೆಗೆ ಮಾಡಿದ್ದರು.

ನಮ್ಮೂರಿನಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಒಬ್ಬರ ಮನೆಯಲ್ಲಿ ಜಗಳ ಆದರೆ ಇನ್ನೊಬ್ಬರ ಗೋಡೆಗೆ ಕೇಳುತ್ತದೆ. ಆದರೂ ನಾನು ಹೊಸ ಮನೆಗೆ ಹೋದರೆ ಅಲ್ಲಿ ಹೊಸಬನೇ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ, ಕೂಗಿದರೆ ಕೇಳುವುದಿಲ್ಲ. ಆದರೆ ನಾನು ಹೋಗುವ ಮೊದಲೇ ನನ್ನ ಸುದ್ದಿ ಹೋಗಿ ಜಗಲಿಯಲ್ಲಿ ಕಾಲು ನೀಡಿ ಕೂತಿರುತ್ತದೆ. ಆ ಊರಿನಲ್ಲಿ 30 ಮನೆ. ಮೊದಲ ಭೇಟಿ ಅನ್ನುವುದು ನನಗೆ ಸಿಕ್ಕಿದ್ದು ಒಂದೇ ಮನೆಯಲ್ಲಿ. ಮಿಕ್ಕ 29 ಮನೆಯಲ್ಲಿ ನಾನು ಹಳಬನಾಗಿಯೇ ಹೋದೆ.

ಅಲ್ಲಿಂದಾಚೆ ಏಳು ವರ್ಷ ಆ ತಾಲೂಕಿನಲ್ಲಿ ತಿರುಗಿದೆ. ಹೊಸ ಮನೆಗೆ ಹೋಗುವುದು ಹೇಗೆ ಅಂತ ನಿಧಾನಕ್ಕೆ ಕಲಿತೆ. ಬಹಳಷ್ಟನ್ನು ಪೆಟ್ಟು ತಿಂದೇ ಕಲಿತಿದ್ದು.

ಮೊದಲು ನಾಯಿ. ಮಲೆನಾಡಿನ ಒಂಟಿ ಮನೆಯಲ್ಲಿ ನಿಮ್ಮನ್ನು ಮೊದಲು ನೋಡುವುದು ನಾಯಿ. ಅದು ಬೊಗಳುವ ರೀತಿಯಲ್ಲೇ ಒಳಗಿದ್ದವರಿಗೆ ಬಂದವರು ಹೊಸಬರು ಅಂತ ಗೊತ್ತಾಗುತ್ತದೆ. ಹಾರ್ನ್ ಹೊಡೆದರೆ, ಕಲ್ಲು ಎತ್ತಿದರೆ ಮುಗಿಯಿತು. ನಾನು ಕಂಡುಕೊಂಡ ಉಪಾಯ ತುಂಬಾ ಸುಲಭದ್ದು. ಹಿಂದಿನ ಮನೆಯಲ್ಲಿ ಹೊರಡುವಾಗ, “ಮುಂದಿನ ಮನೆ ನಾಯಿ ಹೆಸರೇನು?” ಅಂತ ಕೇಳಿಕೊಳ್ಳುವುದು. ಉಣುಗೋಲಿನ ಹತ್ತಿರ ನಿಂತು, “ರಾಜಾ, ಏ ರಾಜಾ” ಅಂದರೆ ನಾಯಿ ಗಲಿಬಿಲಿಯಾಗುತ್ತದೆ. ಒಳಗಿದ್ದವರಿಗೂ ಇವನ್ಯಾರೋ ಗೊತ್ತಿರುವವನು ಇರಬೇಕು ಅನ್ನಿಸುತ್ತದೆ. ಒಂದು ಮನೆಯಲ್ಲಿ ಮಾತ್ರ ಇದು ಕೆಲಸ ಮಾಡಲಿಲ್ಲ. ರಾಜ ಸತ್ತು ಆರು ತಿಂಗಳಾಗಿತ್ತು. ಅಲ್ಲಿ ನಾನು ಅರ್ಧ ಗಂಟೆ ಕೂತು ರಾಜನ ಕಥೆ ಕೇಳಿದೆ. ಅದೂ ಕೆಟ್ಟ ಶುರು ಏನಲ್ಲ.

ಆಮೇಲೆ ಮುಖ. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾನಿನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಒಂದು ಪ್ರಯೋಗ ಮಾಡಿದ್ದರು. ಜನರಿಗೆ ಗುರುತಿಲ್ಲದ ಮುಖಗಳ ಫೋಟೊ ತೋರಿಸಿ, ಇವರು ನಂಬುವಂಥವರಾ, ಒಳ್ಳೆಯವರಾ ಅಂತ ಕೇಳಿದರು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ನೋಡಿದರೂ ಸಾಕು, ಜನ ಒಂದು ತೀರ್ಮಾನಕ್ಕೆ ಬಂದುಬಿಡುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ತೋರಿಸಿದರೆ ತೀರ್ಮಾನ ಅಷ್ಟೇನೂ ಬದಲಾಗಲಿಲ್ಲ, ಅದರ ಮೇಲಿನ ಭರವಸೆ ಮಾತ್ರ ಗಟ್ಟಿಯಾಯಿತು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಆ ಮೊದಲ ದಿನ. ಆ ಯಜಮಾನರಿಗೆ ನನ್ನ ಮುಖವೇ ಕಂಡಿರಲಿಲ್ಲ. ಕಪ್ಪು ಗಾಜಿನ ಹೆಲ್ಮೆಟ್ಟು, ಕಪ್ಪು ರೇನ್‌ಕೋಟು. ಯಮ ಬೈಕಲ್ಲಿ ಬಂದ ಹಾಗೆ ಕಂಡಿರಬೇಕು. ಆಮೇಲೆ ಮಳೆ ಎಷ್ಟೇ ಇರಲಿ, ಉಣುಗೋಲಿನ ಆಚೆಯೇ ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕೊಡೆ ಹಿಡಿದು ನಡೆದು ಹೋಗುವುದನ್ನು ರೂಢಿ ಮಾಡಿಕೊಂಡೆ. ನಡೆದು ಬರುವವನನ್ನು ಜಗಲಿಯಲ್ಲಿ ಕೂತವರು ಪೂರ್ತಿ ನೋಡಬಹುದು. ಅವರಿಗೆ ಆ ಸಮಯ ಕೊಡಬೇಕು.

ಜಗಲಿ ಹತ್ತುವ ಮೊದಲು ಪಾದ ನೋಡಿಕೊಳ್ಳಬೇಕು. ಇಂಬಳ, ಅಂದರೆ ಜಿಗಣೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರಕ್ತ ನಿಲ್ಲುವುದೂ ಇಲ್ಲ. ಒಂದು ಸಲ ಸಾರಿಸಿದ ನೆಲದ ಮೇಲೆ ನನ್ನ ರಕ್ತದ ಹೆಜ್ಜೆ ಸಾಲಾಗಿ ಮೂಡಿತ್ತು, ಲಕ್ಷ್ಮಿ ಬಂದ ಹಾಗೆ. ಮೆಟ್ಟಿಲ ಬುಡದಲ್ಲಿ ನೀರು ಇಟ್ಟಿರುತ್ತಾರೆ. ಅಲ್ಲಿ ಕಾಲು ತೊಳೆಯುತ್ತಾ ಎರಡು ನಿಮಿಷ ಕಳೆಯಿರಿ. ಒಳಗಿದ್ದವರಿಗೆ ಅಂಗಿ ಹಾಕಿಕೊಳ್ಳಲು, ಚಾಪೆ ಹಾಸಲು, ಮಕ್ಕಳ ಪುಸ್ತಕ ಎತ್ತಿಡಲು ಆ ಎರಡು ನಿಮಿಷ ಬೇಕು.

ಕೂತ ಮೇಲೆ ಕೆಲಸದ ಮಾತು ತೆಗೆಯಬಾರದು. ಇದು ನನಗೆ ಬಹಳ ಕಷ್ಟವಾಯಿತು. “ಯಾವೂರಾಯ್ತು ನಿಮ್ಗೆ?” ಅನ್ನುತ್ತಾರೆ. ಇದನ್ನು ಸುಮ್ನೆ ಔಪಚಾರಿಕ ಪ್ರಶ್ನೆ ಅಂದುಕೊಂಡು, “ಚಿತ್ರದುರ್ಗ ಕಡೆ” ಅಂತ ಹಾರಿಸಿಬಿಡುತ್ತಿದ್ದೆ. ಆದರೆ ಅವರಿಗೆ ನಿಜವಾಗಿಯೂ ತಿಳಿಯಬೇಕಿರುತ್ತದೆ. ನೀವು ಎಲ್ಲಿಯವರು, ಯಾರ ಮಗ, ಮನೆಯಲ್ಲಿ ಏನು ಬೆಳೆ ಅಂತ ಗೊತ್ತಾದ ಮೇಲೆಯೇ ನಿಮ್ಮನ್ನು ಎಲ್ಲಿ ಕೂರಿಸಬೇಕು ಅಂತ ಅವರ ಮನಸ್ಸು ತೀರ್ಮಾನ ಮಾಡುವುದು. ಚಳ್ಳಕೆರೆ ಹತ್ತಿರದ ಹಳ್ಳಿ, ಅಪ್ಪನಿಗೆ ಆರು ಎಕರೆ ಶೇಂಗಾ, ನಲವತ್ತು ಕುರಿ ಅಂತ ಶುರು ಮಾಡಿದ ದಿನ ಮಾತಿನ ದಾರಿಯೇ ಬದಲಾಯಿತು. “ನಲವತ್ತು ಕುರಿಗೆ ಮೇವಿಗೆ ಏನು ಮಾಡ್ತೀರಿ ಮಾರಾಯ್ರೇ?” ಅಂತ ಅವರೇ ಮುಂದೆ ಬಗ್ಗಿ ಕೇಳಿದರು. ಬ್ಯಾಂಕಿನವನು ಹೋಗಿ ರೈತನ ಮಗ ಬಂದಿದ್ದ. ಕೆಲವರು ಮುಂದುವರಿದು ಜಾತಿಯನ್ನೂ ತಿಳಿಯಲು ನೋಡುತ್ತಾರೆ. “ನೀವು ಮೀನು ಗೀನು ತಿಂತೀರಾ?” ಅನ್ನುವುದು ಅದರ ಮೆತ್ತನೆಯ ರೂಪ. ಅಲ್ಲಿ ನಾನು ಕುರಿಯ ಕಡೆಗೇ ಮಾತು ತಿರುಗಿಸುತ್ತಿದ್ದೆ. ಎಲ್ಲ ಪ್ರಶ್ನೆಗೂ ಉತ್ತರ ಕೊಡಬೇಕು ಅಂತೇನಿಲ್ಲ.

ನಾನು ಕೇಳುವ ಮೊದಲ ಪ್ರಶ್ನೆಗೂ ಒಂದು ಪಾಠ ಆಯಿತು. ಜುಲೈ ತಿಂಗಳು, ಅಡಿಕೆ ತೋಟ, ಬುದ್ಧಿವಂತನ ಹಾಗೆ, “ಕೊಳೆ ಬಂದಿದೆಯಾ?” ಅಂತ ಕೇಳುತ್ತಿದ್ದೆ. ಕೊಳೆರೋಗ ಅಂದರೆ ಬಲಿಯದ ಕಾಯಿ ಉದುರಿ ವರ್ಷದ ಗಂಜಿಯೇ ಹೋಗುವ ವಿಷಯ. ಹೊಸಬನ ಬಾಯಲ್ಲಿ ಅದೇ ಮೊದಲ ಮಾತಾಗಿ ಬಂದರೆ ಅಪಶಕುನದ ಹಾಗೆ. ಒಬ್ಬರು ಕೊನೆಗೆ ನನ್ನನ್ನು ತಿದ್ದಿದರು. “ಎಷ್ಟನೇ ಔಷಧಿ ಆಯ್ತು ಅಂತ ಕೇಳಿ ಸಾರ್. ಎರಡೂ ಒಂದೇ. ಕೇಳೋದರಲ್ಲಿ ವ್ಯತ್ಯಾಸ ಉಂಟು.” ಔಷಧಿ ಅಂದರೆ ಬೋರ್ಡೊ ದ್ರಾವಣ. ಅದನ್ನು ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಸುಮಾರು 40 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎಷ್ಟನೇದು ಅಂತ ಕೇಳಿದರೆ ಮರ ಹತ್ತುವ ಕೊನೆಗಾರ ಸಿಗದ ಕಷ್ಟ, ಮಳೆ ಬಿಡುವು ಕೊಡದ ಕಥೆ, ಸುಣ್ಣದ ಗುಣಮಟ್ಟ ಎಲ್ಲ ತಾನಾಗಿ ಹೊರಬರುತ್ತದೆ. ಕೊಳೆ ಬಂದಿದ್ದರೆ ಅದನ್ನೂ ಅವರೇ ಹೇಳುತ್ತಾರೆ.

ಆಸರಿಗೆ ಬೇಡ ಅನ್ನಬಾರದು. ದಿನಕ್ಕೆ ಐದು ಮನೆ ಅಂದರೆ ಐದು ಕಾಫಿ, ಎರಡು ಕಷಾಯ, ಬೇಸಿಗೆಯಾದರೆ ಮುರುಗಲು ಶರಬತ್ತು. ಹೊಟ್ಟೆ ಕೆಟ್ಟಿದೆ ಅಂದರೆ ಅದಕ್ಕೊಂದು ಮನೆಮದ್ದು ಬರುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾನು “ಅರ್ಧ ಲೋಟ ಮಜ್ಜಿಗೆ ಕೊಡಿ” ಅಂತ ನಾನೇ ಕೇಳಲು ಶುರು ಮಾಡಿದೆ. ಕೇಳಿ ಕುಡಿಯುವವನು ಬೇಡ ಅನ್ನುವವನಿಗಿಂತ ಬೇಗ ಮನೆಯವನಾಗುತ್ತಾನೆ. ಎಲೆ ಅಡಿಕೆ ತಟ್ಟೆ ಮುಂದೆ ಬಂದಾಗ, “ನಾನು ಹಾಕಲ್ಲ, ಹಲ್ಲು ಕೆಡುತ್ತೆ” ಅಂದಿದ್ದೆ ಒಮ್ಮೆ. ಅಡಿಕೆ ಬೆಳೆದು ಬದುಕುವವರ ಜಗಲಿಯಲ್ಲಿ ಕೂತು! ಈಗಲೂ ನಾನು ಕವಳ ಹಾಕುವುದಿಲ್ಲ. ಆದರೆ ತಟ್ಟೆ ಬಂದರೆ ಒಂದು ಹೋಳು ಅಡಿಕೆ ತೆಗೆದುಕೊಂಡು ಅಂಗಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಆ ಏಳು ವರ್ಷ ನನ್ನ ಅಂಗಿಗಳೆಲ್ಲ ಅಡಿಕೆ ಹೋಳಿನೊಂದಿಗೇ ಒಗೆತಕ್ಕೆ ಹೋಗುತ್ತಿದ್ದವು. ಹೆಂಡತಿಯ ಹತ್ತಿರ ಬೈಸಿಕೊಂಡಿದ್ದು ಬೇರೆ.

ಹೆಸರಿನ ವಿಷಯದಲ್ಲಿ ಇನ್ನೂ ಗೋಜಲು. ಗೌಡ್ರೇ, ಭಟ್ರೇ, ಹೆಗ್ಡೇರೇ, ನಾಯ್ಕರೇ. ತಪ್ಪಾಗಿ ಕರೆದರೆ ಎದುರಿಗಿದ್ದವರು ತಿದ್ದುವುದೂ ಇಲ್ಲ, ಮರೆಯುವುದೂ ಇಲ್ಲ. ಇಲ್ಲಿ ಮನೆಗಳಿಗೇ ಹೆಸರಿರುತ್ತದೆ. ಮೇಲಿನಮನೆ, ಕೆಳಮನೆ, ಹೊಸಮನೆ, ಹಿತ್ತಲಮನೆ. ಮನೆಯ ಹೆಸರು ಹಿಡಿದು ಮಾತಾಡಿದರೆ ಯಾರಿಗೂ ಬೇಜಾರಿಲ್ಲ. ಅದು ಗೊತ್ತಾಗುವ ಮೊದಲು ಎಲ್ಲರಿಗೂ ‘ಯಜಮಾನರು’ ಅಂತ ಶುರು ಹಚ್ಚಿಕೊಂಡಿದ್ದೆ. ಸುರಕ್ಷಿತ ಅಂದುಕೊಂಡಿದ್ದೆ. ಒಂದು ಮನೆಯಲ್ಲಿ ಸುಮಾರು 50 ವರ್ಷದ ಹೆಂಗಸು ಒಬ್ಬರು ಸೊಪ್ಪಿನ ಹೊರೆ ಇಳಿಸುತ್ತಿದ್ದರು. “ಯಜಮಾನರು ಇದ್ದಾರಾ ಅಮ್ಮ?” ಅಂದೆ. ಅವರು ಸೆರಗಲ್ಲಿ ಮುಖ ಒರೆಸಿಕೊಂಡು ನಿಧಾನಕ್ಕೆ ಹೇಳಿದರು. “ಪಹಣಿಯಲ್ಲಿ ನನ್ನ ಹೆಸರೇ ಇರೋದು. ಎಂತ ಬೇಕಿತ್ತು?” ಕೈಯಲ್ಲಿ ಹಿಡಿದಿದ್ದ ಕಡತದಲ್ಲಿ ಅವರ ಹೆಸರೇ ಇತ್ತು. ಓದಿಕೊಂಡು ಹೋಗಿರಲಿಲ್ಲ. ಬೆಳಗ್ಗೆ ಐದು ನಿಮಿಷ ಕಡತ ನೋಡಿದ್ದರೆ ಸಾಕಿತ್ತು.

ನನ್ನನ್ನು ಒಂದು ತಿಂಗಳು ಹೊಸನಗರ ಕಡೆಯ ಕೆಲಸಕ್ಕೆ ಹಾಕಿದ್ದರು. ಅಲ್ಲಿ ಒಂದು ಮನೆಯಲ್ಲಿ ನಾನು, ಒಳ್ಳೆಯ ಮಾತು ಅಂದುಕೊಂಡೇ, “ನಿಮ್ಮದು ಮೂಲ ಇದೇ ಊರಾ?” ಅಂತ ಕೇಳಿದೆ. ಅಜ್ಜಿ ನನ್ನನ್ನು ನೋಡಿದರು, ಎದ್ದು ಒಳಗೆ ಹೋದರು. ಮಗ ಸ್ವಲ್ಪ ಹೊತ್ತು ಬಿಟ್ಟು, “ನಮ್ಮೂರು ನೀರಲ್ಲಿದೆ ಸಾರ್” ಅಂದರು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರು, ಗದ್ದೆ, ತೋಟ ಮುಳುಗಿ ಸಾವಿರಾರು ಮನೆಯವರು ಎದ್ದು ಬಂದು ಜಿಲ್ಲೆಯ ಬೇರೆ ಬೇರೆ ಕಡೆ ಕಾಡಂಚಿನಲ್ಲಿ ಕೂತರು. ಎಷ್ಟೋ ಮಂದಿಗೆ ಕೂತ ಜಾಗದ ಹಕ್ಕುಪತ್ರದ ಗಲಾಟೆ ಇನ್ನೂ ಮುಗಿದಿಲ್ಲ. ಶಾಲೆಯಲ್ಲಿ ಜೋಗದ ಕರೆಂಟಿನ ಬಗ್ಗೆ ಓದಿದ್ದೆ. ಆ ಕರೆಂಟಿನ ಕೆಳಗೆ ಅಜ್ಜಿಯ ಮನೆ ಇದೆ ಅಂತ ಯಾರೂ ಹೇಳಿರಲಿಲ್ಲ. ಅವತ್ತು ನಾನು ಏನನ್ನೂ ಸರಿಮಾಡಲು ಹೋಗಲಿಲ್ಲ. ಸುಮ್ಮನೆ ಕೂತೆ. ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಅಜ್ಜಿ ತಾನಾಗಿ ಹೊರಗೆ ಬಂದು, “ಊಟ ಮಾಡ್ಕೊಂಡು ಹೋಗು ತಮ್ಮಾ” ಅಂದರು. ಊಟ ಮಾಡಿದೆ. ಊರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಪ್ರಶ್ನೆಯನ್ನು ನಾನು ಮತ್ತೆ ಯಾರಿಗೂ ಕೇಳಿಲ್ಲ.

ಇನ್ನು ಉಣುಗೋಲಿನ ಹೆಸರು ಹೋಗಿದ್ದು ಹೇಗೆ ಅಂತ ಹೇಳಬೇಕು. ಅಟೆಂಡರ್ ವಿಷಯ ಹೇಳಿದ ವಾರವೇ ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. “ಅಯ್ಯೋ, ಅದಕ್ಕೆಂತ, ಬಿಡಿ” ಅಂದರು. ಅಂದರೆ ಬಿಟ್ಟಿಲ್ಲ ಅಂತ ಅರ್ಥ. ಡಿಸೆಂಬರಿನಲ್ಲಿ ಕೆಳಮನೆಯಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತು. ನಾನು ಹೋಗಿದ್ದು ಸಹಿ ಹಾಕಿಸಿಕೊಳ್ಳಲು. ಜಗಲಿ ತುಂಬ ಹೆಂಗಸರು, ಕಾಲ ಕೆಳಗೆ ಮೆಟ್ಟುಗತ್ತಿ, ಮುಂದೆ ಗುಡ್ಡೆ ಗುಡ್ಡೆ ಹಸಿ ಅಡಿಕೆ, ಬಾಯಿ ತುಂಬ ಊರ ಸುದ್ದಿ. ಯಾರೂ ಎದ್ದು ಬರುವ ಹಾಗಿಲ್ಲ. ನಿಂತು ನಿಂತು ಸಾಕಾಗಿ, “ನನಗೂ ಹೇಳಿಕೊಡಿ” ಅಂತ ಕೂತೆ. ಅವರು ಒಂದು ಡಬ್ಬ ತುಂಬಿಸುವಷ್ಟರಲ್ಲಿ ನಾನು ಹನ್ನೆರಡು ಅಡಿಕೆ ಸುಲಿದು ಹೆಬ್ಬೆರಳು ಕುಯ್ದುಕೊಂಡೆ. ಸುಣ್ಣ ಮೆತ್ತಿ ಬಟ್ಟೆ ಕಟ್ಟಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ನಡುವೆ ಒಬ್ಬಾಕೆ, “ಉಣುಗೋಲು ಹಾಕಕ್ಕೂ ಬರಲ್ಲ, ಅಡಿಕೆ ಸುಲಿಯಕ್ಕೂ ಬರಲ್ಲ” ಅಂದುಬಿಟ್ಟರು. ಎಲ್ಲರೂ ಗಪ್‌ಚಿಪ್. ನಾನು ನಕ್ಕೆ. ಆಗ ಮತ್ತೆ ಎಲ್ಲರೂ ನಕ್ಕರು. ಕೈ ಕುಲುಕಿ, ಕಣ್ಣಲ್ಲಿ ಕಣ್ಣಿಟ್ಟು ಆರು ತಿಂಗಳಲ್ಲಿ ಆಗದ ಕೆಲಸ ಆ ಒಂದು ಸಂಜೆ ಆಯಿತು.

ಅವತ್ತೇ ಒಂದು ವಿಷಯ ಕಿವಿಗೆ ಬಿತ್ತು. ಮೊದಲ ಮನೆಯ ಅಮ್ಮ ಕಳೆದುಕೊಂಡಿದ್ದರಲ್ಲಿ ಒಂದು ಬಿಳಿ ಅಂಚಿನ ಕಡುಗೆಂಪು ಡೇರೆಯಂತೆ. ಅವರ ಅಮ್ಮನ ಮನೆಯಿಂದ ಬಂದಿದ್ದು, ಅಲ್ಲೂ ಈಗ ಇಲ್ಲವಂತೆ. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ದಿನಾ ಐದು ಮನೆ ಸುತ್ತುವವನು ನಾನು. ಹೋದಲ್ಲೆಲ್ಲ ಕೇಳಿದೆ. ಕೋಣಂದೂರು ಕಡೆಯ ಒಂದು ಮನೆಯಲ್ಲಿ ಸಿಕ್ಕಿತು. ಗಡ್ಡೆ ನೆಡುವುದು ಮಳೆ ಶುರುವಾಗುವ ಹೊತ್ತಿಗೆ, ಹಾಗಾಗಿ ಮೇ ಕೊನೆಯವರೆಗೆ ಕಾಯಬೇಕಾಯಿತು. ಕೊಡುವವರೂ ಸುಮ್ನೆ ಕೊಡಲಿಲ್ಲ. “ಅವರ ಹತ್ರ ಹಳದಿ ಇದ್ದರೆ ಒಂದು ಇಸ್ಕೊಂಡು ಬನ್ನಿ” ಅಂದರು. 2013ರ ಮಳೆಗಾಲದ ಶುರುವಿನಲ್ಲಿ ಬೈಕಿನ ಬ್ಯಾಗಿನಲ್ಲಿ ಸಾಲದ ಕಡತಗಳ ಜೊತೆ ಮಣ್ಣು ಮೆತ್ತಿದ ಗಡ್ಡೆಗಳು ಓಡಾಡುತ್ತಿದ್ದವು. ಅಮ್ಮ ಗಡ್ಡೆ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ಆದರೆ ಮುಂದಿನ ವಾರ ನಾನು ಹೋದ ಹೊಸ ಮನೆಯಲ್ಲೆಲ್ಲ, “ಡೇರೆ ಗಡ್ಡೆ ತರೋ ಸಾಹೇಬ್ರಲ್ವಾ?” ಅಂದರು. ಫೋನ್ ಅದೇ, ದಾರಿ ಅದೇ.

ಎಲ್ಲ ಕಡೆ ಚೆನ್ನಾಗಿ ಅನ್ನಿಸಿಕೊಳ್ಳುವ ಚಟ ಹತ್ತಿದ ಮೇಲೆ ಮಾಡಿದ ತಪ್ಪೂ ಒಂದಿದೆ. ಉಣುಗೋಲಿಗಿಂತ ದೊಡ್ಡದು. 2014ರಲ್ಲಿ ಒಬ್ಬರು ಸಣ್ಣ ರೈತರು. ಮನೆ, ಮಾತು, ಕಾಫಿ ಎಲ್ಲ ಸೊಗಸು. ಮುಕ್ಕಾಲು ಎಕರೆ ತೋಟಕ್ಕೆ ಸಾಲ ಬೇಕಿತ್ತು. ಜಾಗ ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡುತ್ತಿದ್ದ ಸರ್ಕಾರಿ ಜಮೀನು. ಪಹಣಿಯ 9ನೇ ಕಾಲಂನಲ್ಲಿ, ಮಾಲೀಕರ ಹೆಸರಿನ ಜಾಗದಲ್ಲಿ, ಸರ್ಕಾರ ಅಂತಲೇ ಇತ್ತು. ಆ ಪಹಣಿ ಇಟ್ಟುಕೊಂಡು ಬ್ಯಾಂಕು ಸಾಲ ಕೊಡಲು ಬರುವುದಿಲ್ಲ ಅಂತ ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಆದರೆ ಇಷ್ಟು ಒಳ್ಳೆಯ ಮೊದಲ ಭೇಟಿಯನ್ನು ಹಾಳು ಮಾಡಲು ಮನಸ್ಸು ಬರಲಿಲ್ಲ. “ನೋಡೋಣ, ಏನಾದ್ರೂ ಮಾಡೋಣ” ಅಂದೆ. ನನ್ನ ಲೆಕ್ಕದಲ್ಲಿ ಅದು ಮೆತ್ತಗೆ ಹೇಳಿದ ‘ಇಲ್ಲ’. ಅವರ ಲೆಕ್ಕದಲ್ಲಿ ಅದು ‘ಹೌದು’. ಅವರು ಸುರಿಯುವ ಮಳೆಯಲ್ಲಿ ಎರಡು ಸಲ ಬಸ್ಸು ಹಿಡಿದು ಶಾಖೆಗೆ ಬಂದರು. ಎರಡು ಸಲವೂ ನಾನು ಹೊರಗಿದ್ದೆ. ಆ ನಂಬಿಕೆಯ ಮೇಲೆ ಅವರು ಔಷಧಿ, ಗೊಬ್ಬರ ಅಂಗಡಿಯಲ್ಲಿ ಸಾಲವಾಗಿ ತಂದಿದ್ದರು. ಮೂರನೇ ಸಲ ಸಿಕ್ಕಿದೆ. ಇಲ್ಲ ಅಂದೆ. ಅವರು ಬೈಯಲಿಲ್ಲ. “ಅವತ್ತೇ ಹೇಳಿದ್ರೆ ಬೇರೆ ದಾರಿ ನೋಡ್ತಿದ್ದೆ” ಅಂದರು, ಅಷ್ಟೇ.

ಈಗ ಸಾಧ್ಯವಿಲ್ಲದ್ದನ್ನು ಮೊದಲ ದಿನವೇ, ಕಾಫಿ ಲೋಟ ಕೆಳಗಿಡುವ ಮೊದಲೇ ಹೇಳಿಬಿಡುತ್ತೇನೆ. ಜಗಲಿಯಲ್ಲಿ ಸ್ವಲ್ಪ ಹೊತ್ತು ಮೌನ ಬರುತ್ತದೆ. ಬರಲಿ. ‘ನೋಡೋಣ’ ಅನ್ನುವ ಪದವನ್ನು ಕೆಲಸದಲ್ಲಿ ಬಳಸುವುದನ್ನೇ ಬಿಟ್ಟೆ.

ಮನೆಯಿಂದ ಹೊರಬಂದ ಮೇಲೆ ದಾರಿಯುದ್ದಕ್ಕೂ ಕೊರೆಯುವುದು ನನ್ನ ಹಳೇ ಕಾಯಿಲೆ. ಆ ಮಾತು ಆಡಬಾರದಿತ್ತು, ಜಾಸ್ತಿ ನಕ್ಕೆನೇನೋ, ಅವರು ಗಡಿಯಾರ ನೋಡಿದರಲ್ಲ. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಜೊತೆಗಾರರು ಇದನ್ನೇ ಅಧ್ಯಯನ ಮಾಡಿದ್ದನ್ನು ಓದಿ ಸಮಾಧಾನವಾಯಿತು. ಅಪರಿಚಿತರು ಮಾತಾಡಿ ಮುಗಿಸಿದ ಮೇಲೆ, ಎದುರಿನವರಿಗೆ ತಾವು ಎಷ್ಟು ಹಿಡಿಸಿದೆವು ಅನ್ನುವುದನ್ನು ಜನ ಇರುವುದಕ್ಕಿಂತ ಕಡಿಮೆಯೇ ಅಂದಾಜು ಮಾಡುತ್ತಾರಂತೆ. ಉಣುಗೋಲಿನ ದಿನ ಮಾತ್ರ ನನ್ನ ಅಂದಾಜು ಉಲ್ಟಾ ಇತ್ತು. ಚೆನ್ನಾಗಿ ಆಯಿತು ಅಂದುಕೊಂಡಿದ್ದು ಅದೊಂದೇ ದಿನ.

ಹೊರಡುವುದಕ್ಕೂ ಒಂದು ಕ್ರಮ ಇದೆ ಇಲ್ಲಿ. ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಅದೂ ಮೂರು ಸಲ. ಜಗಲಿಯಲ್ಲಿ ಒಂದು, ಮೆಟ್ಟಿಲಲ್ಲಿ ಒಂದು, ಉಣುಗೋಲಿನಲ್ಲಿ ಒಂದು. ಮುಖ್ಯ ಮಾತು ಬರುವುದು ಮೂರನೇ ಕಡೆ. ಜಗಲಿಯಲ್ಲಿ ಹೇಳದ ಸಾಲ, ಮಗನ ಕುಡಿತ, ಅಣ್ಣತಮ್ಮಂದಿರ ಪಾಲಿನ ಜಗಳ ಎಲ್ಲ ನನಗೆ ಗೊತ್ತಾಗಿದ್ದು ಉಣುಗೋಲಿನ ಹತ್ತಿರ, ಒಂದು ಗಳ ಕೈಯಲ್ಲಿ ಹಿಡಿದು ನಿಂತಾಗ. ಅವಸರದಲ್ಲಿ ಬೈಕು ಹತ್ತುವವನಿಗೆ ಅದು ಸಿಗುವುದಿಲ್ಲ. ಕೈಗೆ ಏನಾದರೂ ಕೊಟ್ಟು ಕಳಿಸುತ್ತಾರೆ. ಮೊಗೆಕಾಯಿ, ಬಾಳೆಕಾಯಿ ಆದರೆ ತೆಗೆದುಕೊಳ್ಳುತ್ತಿದ್ದೆ. ಜೇನಿನ ಬಾಟಲಿ, ಅಡಿಕೆ ಚೀಲ ಅಂದರೆ, “ಸಾಲ ತೀರಿದ ಮೇಲೆ ಕೊಡಿ” ಅಂತ ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ. ಯಾರು ಏನು ಕೊಟ್ಟರು ಅನ್ನುವುದೂ ಮುಂದಿನ ಮನೆಗೆ ಮೊದಲೇ ಹೋಗುತ್ತದಲ್ಲ.

2019ರ ಜೂನ್‌ನಲ್ಲಿ ನನಗೆ ಶಿವಮೊಗ್ಗಕ್ಕೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದ ಹುಡುಗಿ ಕಲಬುರಗಿ ಕಡೆಯವಳು. ಮನೆಗಳ ಗುರುತು ಮಾಡಿಸಲು ಕರೆದುಕೊಂಡು ಹೊರಟೆ. ಮೊದಲು ಆ ಮೊದಲ ಮನೆಗೇ. ಅಲ್ಲಿಯವರೆಗೆ ಬೈಕಿನ ಹಿಂದೆ ಕೂರಿಸಿಕೊಂಡು ಎಲ್ಲ ಹೇಳಿದ್ದೆ. ನಾಯಿ, ಇಂಬಳ, ಮಜ್ಜಿಗೆ, ಉಣುಗೋಲು. ವಿಶೇಷವಾಗಿ ಉಣುಗೋಲು. ಅವಳು ಇಳಿದು ಗಳ ಸರಿಸಿದಳು. ಬೈಕು ಆಚೆಯೇ ನಿಲ್ಲಿಸಿ ಇಬ್ಬರೂ ಒಳಗೆ ಬಂದೆವು. ಅವಳು ಒಂದೊಂದೇ ಗಳ ಎತ್ತಿ ನೀಟಾಗಿ ತೂರಿಸಿ, ಕೈ ಒರೆಸಿಕೊಂಡು ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಅಂಗಳದಲ್ಲಿ ಡೇರೆ ಮೊಳಕೆ ಗೇಣುದ್ದ ಬಂದಿದ್ದವು.

ಜಗಲಿಯಿಂದ ಅಮ್ಮನ ದನಿ ಬಂತು.

“ಕೆಳಗಿನ ಗಳ ಬಿಟ್ಟೋಯ್ತು ಸಾಹೇಬ್ರೇ, ಕರು ನುಗ್ತದೆ.”